ಸ್ಪ್ರಿಂಗ್ ಮತ್ತು ಡ್ಯಾಂಪರ್: ಒಂದು ಜೋಡೆತ್ತಿನ ಚರಿತ್ರೆ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡವರು ಮೊದಲು ಕೈಹಾಕುವ ಕೆಲಸಗಳಲ್ಲಿ ಒಂದು ಯಾವುದು ಗೊತ್ತೆ? ಅದನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಇಳಿಸುವುದು. ಅಮೆರಿಕ, ಜರ್ಮನಿ, ಬ್ರಿಟನ್ ಮತ್ತು ಜಪಾನ್‌ಗಳಲ್ಲಿ ಈ ಕೆಲಸಕ್ಕೆ ಬೇಕಾದ ಬಿಡಿಭಾಗಗಳನ್ನು ತಯಾರಿಸುವುದೇ ಒಂದು ದೊಡ್ಡ ಉದ್ಯಮ.

ಕಾರನ್ನು ಇಳಿಸಲು ಎರಡು ದಾರಿಗಳಿವೆ. ಮೊದಲನೆಯದು ಲೋವರಿಂಗ್ ಸ್ಪ್ರಿಂಗ್. ಇಲ್ಲಿ ಕಾರಿನ ಮೂಲ ಶಾಕ್ ಅಬ್ಸಾರ್ಬರ್ ಹಾಗೆಯೇ ಉಳಿಯುತ್ತದೆ. ಸ್ಪ್ರಿಂಗ್ ಮಾತ್ರ ಬದಲಾಗಿ ಗಿಡ್ಡನೆಯ, ಸ್ವಲ್ಪ ಬಿಗಿಯಾದ ಇನ್ನೊಂದು ಬರುತ್ತದೆ. ಎರಡನೆಯದು ಕಾಯ್ಲೋವರ್. ಇಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ತೆಗೆದು, ಹೊರಮೈಗೆ ಥ್ರೆಡ್ ಕೊರೆದ ಹೊಸ ಜೋಡಿಯನ್ನು ಕೂರಿಸುತ್ತಾರೆ. ಥ್ರೆಡ್ಡಿನ ಮೇಲಿನ ಉಂಗುರವನ್ನು ತಿರುಗಿಸಿ ಕಾರಿನ ಎತ್ತರವನ್ನು ಬೇಕಾದಷ್ಟಕ್ಕೆ ನಿಲ್ಲಿಸಬಹುದು. ಮೊದಲನೆಯದು ಅಗ್ಗ, ಎರಡನೆಯದರ ಬೆಲೆ ಅದರ ಹಲವು ಪಟ್ಟು.

ಯಾವುದನ್ನು ಆರಿಸಬೇಕು? ಇದು ಬರೀ ಹಣದ ಪ್ರಶ್ನೆಯಲ್ಲ. ತಿರುವಿನ ನಡುವೆ ಚಕ್ರಕ್ಕೆ ನೆಲದ ಹಿಡಿತ ತಪ್ಪಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಉತ್ತರ ಹುಡುಕುವ ಮೊದಲು ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡೋಣ. ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಎಂಬ ಪಾಠ ಅಲ್ಲಿದೆ.

ಒಂದು ಒಗಟಿನಿಂದ ಆರಂಭ

ಸ್ಪ್ರಿಂಗ್‌ನ ಮೂಲ ನಿಯಮವನ್ನು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. ಬೇರೆಯವರು ತನ್ನ ಶೋಧವನ್ನು ತಮ್ಮದೆಂದು ಹೇಳಿಕೊಳ್ಳದಿರಲಿ ಎಂದು ಆತ 1676ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಗಳ ಒಗಟಿನ ರೂಪದಲ್ಲಿ ಪ್ರಕಟಿಸಿದ. 1678ರಲ್ಲಿ ಒಗಟನ್ನು ಬಿಡಿಸಿದ. ಹಿಗ್ಗುವಿಕೆ ಎಷ್ಟೋ ಬಲವೂ ಅಷ್ಟೇ ಎಂಬುದು ಅದರ ತಾತ್ಪರ್ಯ. ಸ್ಪ್ರಿಂಗನ್ನು 1 ಸೆಂ.ಮೀ. ಒತ್ತಲು ಬೇಕಾದ ಬಲದ ಎರಡರಷ್ಟು 2 ಸೆಂ.ಮೀ. ಒತ್ತಲು ಬೇಕು.

ಗಾಡಿಗಳಿಗೆ ಬಂದದ್ದು ಮಾತ್ರ ಸುರುಳಿ ಸ್ಪ್ರಿಂಗ್ ಅಲ್ಲ, ಪಟ್ಟಿ ಸ್ಪ್ರಿಂಗ್. ನಮ್ಮ ಲಾರಿಗಳ ಹಿಂದಿನ ಅಚ್ಚಿನ ಮೇಲೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಕಮಾನುಗಳನ್ನು ನೀವು ನೋಡಿರುತ್ತೀರಿ. 1804ರಲ್ಲಿ ಲಂಡನ್ನಿನ ಒಬಡಯ್ಯಾ ಎಲಿಯಟ್ ಎಂಬ ಸಾರೋಟು ತಯಾರಕ ಇಂಥ ಕಮಾನುಗಳನ್ನು ಅಂಡಾಕಾರದಲ್ಲಿ ಜೋಡಿಸಿ ಪೇಟೆಂಟ್ ಪಡೆದ. ಸಾರೋಟುಗಳು ಹಗುರವಾದವು, ಪ್ರಯಾಣ ಹಿತವಾಯಿತು. ಸುಮಾರು ನೂರು ವರ್ಷಗಳ ಬಳಿಕ, 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಕೂಡ ಅಡ್ಡಲಾಗಿ ಕೂರಿಸಿದ ಕಮಾನುಗಳ ಮೇಲೆಯೇ ನಿಂತಿತ್ತು.

ಪಟ್ಟಿ ಸ್ಪ್ರಿಂಗ್‌ಗೆ ಒಂದು ಗುಪ್ತ ಗುಣವಿತ್ತು. ಅದು ಬಾಗಿದಾಗ ಪಟ್ಟಿಗಳು ಒಂದಕ್ಕೊಂದು ಉಜ್ಜುತ್ತವೆ. ಆ ಘರ್ಷಣೆಯಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಹೀಗಾಗಿ ಗಾಡಿ ಹಳ್ಳಕ್ಕೆ ಬಿದ್ದೆದ್ದ ಮೇಲೆ ಕುಣಿಯುತ್ತಲೇ ಇರುತ್ತಿರಲಿಲ್ಲ. ಅಂದರೆ ಪಟ್ಟಿ ಸ್ಪ್ರಿಂಗ್ ತಾನೇ ಸ್ಪ್ರಿಂಗ್, ತಾನೇ ಡ್ಯಾಂಪರ್.

ಸುರುಳಿ ಬಂತು, ಕುಣಿತವೂ ಬಂತು

ಒಂದು ಚಿಕ್ಕ ಪ್ರಯೋಗ ಮಾಡಿ. ಸುರುಳಿ ಸ್ಪ್ರಿಂಗ್ ಒಂದನ್ನು ಮೊಳೆಗೆ ಸಿಕ್ಕಿಸಿ, ಕೆಳಗೆ ಒಂದು ತೂಕ ಕಟ್ಟಿ, ಸ್ವಲ್ಪ ಎಳೆದು ಬಿಡಿ. ತೂಕ ಬಹಳ ಹೊತ್ತು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಈಗ ಅದೇ ತೂಕವನ್ನು ನೀರು ತುಂಬಿದ ಪಾತ್ರೆಯೊಳಗೆ ಮುಳುಗುವಂತೆ ಇಟ್ಟು ಎಳೆದು ಬಿಡಿ. ಆಟ ಬೇಗನೆ ನಿಲ್ಲುತ್ತದೆ. ನೀರಿನ ಬದಲು ದಪ್ಪನೆಯ ಎಣ್ಣೆ ಇದ್ದರೆ ಇನ್ನೂ ಬೇಗ. ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟು ಹಿಂದಿರುಗಿಸುತ್ತದೆ. ಅದನ್ನು ಕಳೆಯುವುದು ದ್ರವ. ಶಾಕ್ ಅಬ್ಸಾರ್ಬರ್ ಎಂದು ನಾವು ಕರೆಯುವ ಡ್ಯಾಂಪರ್‌ನ ಮೂಲತತ್ತ್ವ ಇಷ್ಟೇ. ಎಣ್ಣೆ ತುಂಬಿದ ಸಿಲಿಂಡರ್‌ನಲ್ಲಿ ಸಣ್ಣ ರಂಧ್ರಗಳುಳ್ಳ ಪಿಸ್ಟನ್ ಚಲಿಸುತ್ತದೆ. ಚಲನೆಯ ವೇಗ ಹೆಚ್ಚಿದಷ್ಟೂ ಎಣ್ಣೆಯ ತಡೆ ಹೆಚ್ಚುತ್ತದೆ.

ಅಮೆರಿಕದ ಬ್ರಷ್ ಕಂಪನಿ 1907ರ ಸುಮಾರಿಗೇ ನಾಲ್ಕೂ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಹಾಕಿದ ಪುಟ್ಟ ಕಾರನ್ನು ತಯಾರಿಸಿತು. ಸುರುಳಿಯಲ್ಲಿ ಉಜ್ಜುವ ಪಟ್ಟಿಗಳಿಲ್ಲ. ಹಾಗಾಗಿ ಬೇರೆಯೇ ಡ್ಯಾಂಪರ್ ಬೇಕಾಯಿತು. ಆರಂಭದ ಡ್ಯಾಂಪರ್‌ಗಳು ಘರ್ಷಣೆಯಿಂದ ಕೆಲಸ ಮಾಡುವಂಥವು. ಫ್ರಾನ್ಸಿನ ಟ್ರುಫೋ ರೂಪಿಸಿದ ಇಂಥದೊಂದನ್ನು ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಪ್ರಚಾರಕ್ಕೆ ತಂದ. ಇವುಗಳಿಗೆ ಒಂದು ದೋಷವಿತ್ತು. ಸಣ್ಣ ಕುಲುಕಿಗೆ ಕದಲದೆ ಅಂಟಿ ನಿಲ್ಲುತ್ತಿದ್ದವು, ದೊಡ್ಡ ಕುಲುಕಿಗೆ ಸಾಲುತ್ತಿರಲಿಲ್ಲ. ಎಣ್ಣೆಯ ಡ್ಯಾಂಪರ್‌ನ ವರ್ತನೆ ಇದಕ್ಕೆ ವಿರುದ್ಧ. ಫ್ರಾನ್ಸಿನ ಮೋರಿಸ್ ಉದೈ ರೂಪಿಸಿದ ಎಣ್ಣೆಯ ಡ್ಯಾಂಪರ್ 1927ರ ಕೊನೆಯಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಮೂಲಕ ಜನಸಾಮಾನ್ಯರ ವಾಹನವನ್ನೂ ಸೇರಿತು.

ಅಷ್ಟರಲ್ಲಿ ಇಟಲಿಯಲ್ಲಿ ಮಹತ್ವದ ಹೆಜ್ಜೆಯೊಂದು ಬಿದ್ದಿತ್ತು. 1922ರಲ್ಲಿ ವಿನ್ಸೆಂಜೊ ಲಾನ್ಸಿಯಾ ತನ್ನ ಲ್ಯಾಂಬ್ಡಾ ಕಾರಿನ ಮುಂದಿನ ಎರಡು ಚಕ್ರಗಳಿಗೆ ಪ್ರತ್ಯೇಕ ಕಂಬಗಳನ್ನು ಕೊಟ್ಟ. ಪ್ರತಿ ಕಂಬದೊಳಗೆ ಸುರುಳಿ ಸ್ಪ್ರಿಂಗ್ ಮತ್ತು ಎಣ್ಣೆಯ ಡ್ಯಾಂಪರ್ ಒಟ್ಟಿಗೆ ಇದ್ದವು. ಸುರುಳಿ ಮತ್ತು ಡ್ಯಾಂಪರ್ ಒಂದೇ ಮನೆಯಲ್ಲಿ ವಾಸಿಸಿದ ಆರಂಭದ ಉದಾಹರಣೆ ಇದು. 1933ರಲ್ಲಿ ಮರ್ಸಿಡಿಸ್-ಬೆಂಜ್ 380 ಕಾರು ಮುಂದಿನ ಚಕ್ರಗಳಿಗೆ ಎರಡು ತ್ರಿಕೋನ ತೋಳುಗಳ ನಡುವೆ ಸುರುಳಿ ಸ್ಪ್ರಿಂಗನ್ನು ಇಟ್ಟುಕೊಂಡು ಬಂತು.

ಬಿಗಿ ಎಷ್ಟಿರಬೇಕು?

ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಬಂದ ಮೋರಿಸ್ ಆಲಿ ಎಂಬ ಎಂಜಿನಿಯರ್ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ. ತೂಕಗಳನ್ನು ಅತ್ತಿತ್ತ ಸರಿಸಬಹುದಾದ ವಿಶೇಷ ಕಾರೊಂದನ್ನು ಕಟ್ಟಿ, ಯಾವ ಜೋಡಣೆಯಲ್ಲಿ ಪ್ರಯಾಣ ಸಮತಟ್ಟಾಗಿರುತ್ತದೆ ಎಂದು ಪರೀಕ್ಷಿಸಿದ. ಮುಂದಿನ ಸ್ಪ್ರಿಂಗ್‌ಗಳು ಮೃದುವಾಗಿದ್ದು, ಹಿಂದಿನ ಭಾಗದ ಕಂಪನದ ಆವೃತ್ತಿ ಮುಂದಿನದಕ್ಕಿಂತ ತುಸು ಹೆಚ್ಚಿರಬೇಕು ಎಂದು ತಿಳಿದುಬಂತು. 1934ರಲ್ಲಿ ಜನರಲ್ ಮೋಟಾರ್ಸ್‌ನ ಕಾರುಗಳಿಗೆ ಸ್ವತಂತ್ರ ಮುಂಚಕ್ರ ವ್ಯವಸ್ಥೆ ಬಂದದ್ದರಲ್ಲಿ ಈತನ ಪಾತ್ರ ದೊಡ್ಡದು.

ಈ ಆವೃತ್ತಿಯನ್ನು ನೀವೂ ಲೆಕ್ಕ ಹಾಕಬಹುದು. ಕಾರಿನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂ.ಮೀ. ಕುಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಸಾಕು. 25 ಸೆಂ.ಮೀ. ಕುಗ್ಗಿದ್ದರೆ ಸೆಕೆಂಡಿಗೆ 1 ಕಂಪನ, 10 ಸೆಂ.ಮೀ. ಕುಗ್ಗಿದ್ದರೆ ಸುಮಾರು 1.6. ಹಿತವಾದ ಕಾರುಗಳು 1ರಿಂದ 1.5ರ ಆಸುಪಾಸಿನಲ್ಲಿರುತ್ತವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು ಅದಕ್ಕಿಂತ ಸ್ವಲ್ಪ ಮೇಲೆ.

ಯುದ್ಧದ ನಂತರ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ಸುರುಳಿ ಮತ್ತು ಡ್ಯಾಂಪರ್ ಜೋಡಿಯನ್ನೇ ಚಕ್ರವನ್ನು ಹಿಡಿದು ನಿಲ್ಲಿಸುವ ಕಂಬವಾಗಿಸಿದ. 1950ರಲ್ಲಿ ಲಂಡನ್ ಪ್ರದರ್ಶನಕ್ಕೆ ಬಂದ ಫೋರ್ಡ್ ಕಾನ್ಸಲ್ ಮತ್ತು ಜೆಫರ್ ಕಾರುಗಳಲ್ಲಿ ಈ ಕಂಬಗಳಿದ್ದವು. ಇಂದು ಜಗತ್ತಿನ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂಗಡೆ ಇರುವುದು ಇದೇ.

1950ರ ದಶಕದಲ್ಲಿ ಡ್ಯಾಂಪರ್ ಕೂಡ ಸುಧಾರಿಸಿತು. ಎಣ್ಣೆ ಜೋರಾಗಿ ಕಲಕಿದಾಗ ಅದರಲ್ಲಿ ಗುಳ್ಳೆಗಳೆದ್ದು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಫ್ರಾನ್ಸಿನ ಕ್ರಿಶ್ಚಿಯನ್ ಬೂರ್ಸಿಯೆ ದ ಕಾರ್ಬೋ ಒಂಟಿ ಕೊಳವೆಯ ಡ್ಯಾಂಪರ್‌ನಲ್ಲಿ ಎಣ್ಣೆಯನ್ನು ಒತ್ತಡದ ನೈಟ್ರೋಜನ್ ಅನಿಲದಿಂದ ಅದುಮಿಟ್ಟು ಈ ತೊಂದರೆಯನ್ನು ನಿವಾರಿಸಿದ. ಜರ್ಮನಿಯ ಬಿಲ್‌ಸ್ಟೈನ್ ಕಂಪನಿ 1957ರಿಂದ ಇದನ್ನು ಮರ್ಸಿಡಿಸ್ ಕಾರುಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು.

ಸ್ಪೋರ್ಟ್ಸ್ ಕಾರು ಮೃದುವಾಗಿತ್ತು!

ಸ್ಪೋರ್ಟ್ಸ್ ಕಾರು ಎಂದರೆ ಎಲುಬು ಮುರಿಯುವಷ್ಟು ಬಿಗಿ ಎಂಬ ಕಲ್ಪನೆ ಹಲವರಲ್ಲಿದೆ. ಬ್ರಿಟನ್ನಿನ ಲೋಟಸ್ ಕಾರುಗಳ ನಿರ್ಮಾತೃ ಕಾಲಿನ್ ಚಾಪ್‌ಮನ್ ಇದನ್ನು ಸುಳ್ಳು ಮಾಡಿದ. 1957ರ ಲೋಟಸ್ ಎಲೀಟ್ ಮತ್ತು 1962ರ ಲೋಟಸ್ ಎಲಾನ್ ಕಾರುಗಳಲ್ಲಿ ಆತ ಡ್ಯಾಂಪರ್‌ನ ಸುತ್ತ ಸುತ್ತಿದ ಸುರುಳಿಗಳನ್ನು ಬಳಸಿದ. ಎಲಾನ್‌ನ ಸ್ಪ್ರಿಂಗ್‌ಗಳು ಮೃದು, ಚಕ್ರಕ್ಕೆ ಮೇಲೆ ಕೆಳಗೆ ಆಡಲು ಸಾಕಷ್ಟು ಜಾಗ, ಅದನ್ನು ಹತೋಟಿಯಲ್ಲಿಡಲು ಒಳ್ಳೆಯ ಡ್ಯಾಂಪರ್. ಕಾರು ಹಗುರವಾಗಿದ್ದರಿಂದ ತಿರುವುಗಳಲ್ಲಿ ಅದನ್ನು ಮೀರಿಸುವವು ವಿರಳವಾಗಿದ್ದವು.

ಈ ಎಲಾನ್‌ನಿಂದ ಸ್ಫೂರ್ತಿ ಪಡೆದ ಜಪಾನಿನ ಮಜ್ದಾ ಕಂಪನಿಯ ಎಂಎಕ್ಸ್-5 ಕಾರು 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಬೆಳಕು ಕಂಡಿತು. ತೂಕ ಸುಮಾರು 950 ಕಿ.ಗ್ರಾಂ. ಕುದುರೆ ಮತ್ತು ಸವಾರ ಒಂದೇ ಆಗಿರಬೇಕು ಎಂಬ ಜಪಾನೀ ನುಡಿಯನ್ನು ಅದರ ತಂಡ ಧ್ಯೇಯವಾಗಿಸಿಕೊಂಡಿತ್ತು. 2016ರ ಏಪ್ರಿಲ್‌ನಲ್ಲಿ 10 ಲಕ್ಷದ ಕಾರು ತಯಾರಾಯಿತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಬಲು ಜನಪ್ರಿಯ. ಹಾಗಾಗಿ ನಮ್ಮ ಪ್ರಶ್ನೆಗೆ ಇದೇ ಒಳ್ಳೆಯ ಉದಾಹರಣೆ.

ಈ ಕಾರಿನ ನಾಲ್ಕೂ ಚಕ್ರಗಳಲ್ಲಿ ಸುರುಳಿಯು ಡ್ಯಾಂಪರ್‌ನ ಸುತ್ತಲೇ ಕೂತಿದೆ. ಅಂದರೆ ಪದದ ನೇರ ಅರ್ಥದಲ್ಲಿ ಕಾರ್ಖಾನೆಯಿಂದ ಬಂದದ್ದೇ ಕಾಯ್ಲೋವರ್! ಪೇಟೆಯಲ್ಲಿ ಆ ಹೆಸರಿನಿಂದ ಮಾರುವ ವಸ್ತುವಿನಲ್ಲಿ ಬೇರೆ ಇರುವುದು ಎರಡೇ: ಸ್ಪ್ರಿಂಗ್ ಕೂರುವ ತಟ್ಟೆಯನ್ನು ಮೇಲೆ ಕೆಳಗೆ ಸರಿಸುವ ಥ್ರೆಡ್, ಮತ್ತು ಆ ಸ್ಪ್ರಿಂಗ್‌ಗೆಂದೇ ಹೊಂದಿಸಿದ, ಅಥವಾ ಹೊಂದಿಸಿದೆ ಎಂದು ಹೇಳುವ, ಡ್ಯಾಂಪರ್.

ತಗ್ಗಿಸುವ ಹುಚ್ಚು ಎಲ್ಲಿಂದ?

ರೇಸ್ ಕಾರುಗಳು ಮೊದಲಿನಿಂದಲೂ ತಗ್ಗು. ಆದರೆ ಅತಿ ತಗ್ಗು ಮತ್ತು ಅತಿ ಬಿಗಿಯ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿದ್ದು 1970ರ ದಶಕದ ಕೊನೆಯಲ್ಲಿ. 1978ರ ಲೋಟಸ್ 79 ಎಂಬ ಫಾರ್ಮುಲಾ ಒನ್ ಕಾರು ತನ್ನ ತಳ ಮತ್ತು ನೆಲದ ನಡುವೆ ಹರಿಯುವ ಗಾಳಿಯಿಂದಲೇ ಕೆಳಕ್ಕೆ ಹೀರಲ್ಪಡುತ್ತಿತ್ತು. ಆ ಹೀರುವಿಕೆ ಏರುಪೇರಾಗದಿರಲು ತಳದ ಎತ್ತರ ಬದಲಾಗಬಾರದು. ಅದಕ್ಕಾಗಿ ಮುಂದಿನ ವರ್ಷಗಳ ಕಾರುಗಳಿಗೆ ಕಲ್ಲಿನಂಥ ಸ್ಪ್ರಿಂಗ್‌ಗಳು ಬಂದವು. 1981ರಲ್ಲಿ ನೆಲದಿಂದ ಕನಿಷ್ಠ 6 ಸೆಂ.ಮೀ. ಎತ್ತರವಿರಬೇಕೆಂಬ ನಿಯಮ ಮಾಡಬೇಕಾಯಿತು. ಆ ಬಿಗಿತದ ಕಾರಣ ಗಾಳಿ. ರಸ್ತೆಯ ಸ್ಪೋರ್ಟ್ಸ್ ಕಾರಿಗೆ ಆ ಕಾರಣವೇ ಇಲ್ಲ.

ಆದರೂ ನೋಟ ಹಿಡಿಸಿತು. 1951ರಲ್ಲಿ ಹೈನ್ರಿಖ್ ಐಬಾಖ್ ಜರ್ಮನಿಯಲ್ಲಿ ಆರಂಭಿಸಿದ ಸ್ಪ್ರಿಂಗ್ ಕಾರ್ಖಾನೆಯಂಥವು ಈ ಬೇಡಿಕೆಯನ್ನು ಪೂರೈಸುವ ಪ್ರಸಿದ್ಧ ಹೆಸರುಗಳಾದವು. ಜರ್ಮನಿಯಲ್ಲಿ ಇಂಥ ಬದಲಾವಣೆಗೆ ತಾಂತ್ರಿಕ ಪರೀಕ್ಷೆಯ ಪ್ರಮಾಣಪತ್ರ ಬೇಕು. ಜಪಾನಿನ ತಪಾಸಣೆಯಲ್ಲಿ ಕಾರಿನ ತಳ ನೆಲದಿಂದ 9 ಸೆಂ.ಮೀ.ಗಿಂತ ಕೆಳಗಿರುವಂತಿಲ್ಲ.

ಲೆಕ್ಕ ಏನು ಹೇಳುತ್ತದೆ?

ಕಾರನ್ನು ಇಳಿಸಿದರೆ ಲಾಭವಿಲ್ಲವೆ? ಇದೆ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಭಾರ ಗುರುತ್ವ ಕೇಂದ್ರದ ಎತ್ತರಕ್ಕೆ ಅನುಪಾತದಲ್ಲಿರುತ್ತದೆ. ಗುರುತ್ವ ಕೇಂದ್ರ 45 ಸೆಂ.ಮೀ. ಎತ್ತರದಲ್ಲಿದ್ದು 3 ಸೆಂ.ಮೀ. ಇಳಿಸಿದರೆ ಈ ಭಾರ ಹದಿನೈದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಲಾಭ ನಿಜ, ಆದರೆ ಸಣ್ಣದು.

ಇನ್ನು ನಷ್ಟ ನೋಡಿ. ಒಂದು ಚಕ್ರದ ಮೇಲೆ ಕಾರಿನ 200 ಕಿ.ಗ್ರಾಂ. ಭಾರವಿದೆ ಎಂದುಕೊಳ್ಳಿ. ಚಕ್ರದ ಬಳಿ ಸ್ಪ್ರಿಂಗ್‌ನ ಬಿಗಿತ ಮಿಲಿಮೀಟರಿಗೆ 20 ನ್ಯೂಟನ್. ಚಕ್ರ 80 ಮಿ.ಮೀ. ಮೇಲೇರಿದರೆ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೆ ಬಡಿಯುತ್ತದೆ. ಈ 80 ಮಿ.ಮೀ.ನಲ್ಲಿ ಸ್ಪ್ರಿಂಗ್ ಹೀರಿಕೊಳ್ಳಬಲ್ಲ ಉಬ್ಬಿನ ಶಕ್ತಿ, ಬಿಗಿತದ ಅರ್ಧವನ್ನು ದೂರದ ವರ್ಗದಿಂದ ಗುಣಿಸಿದಾಗ, 64 ಜೂಲ್.

ಕಾರನ್ನು 30 ಮಿ.ಮೀ. ಇಳಿಸಿದರೆ ಉಳಿಯುವುದು 50 ಮಿ.ಮೀ. ಅಷ್ಟೇ ಶಕ್ತಿಯನ್ನು ಈ ಮೊಟಕು ದೂರದಲ್ಲಿ ಹೀರಲು ಸ್ಪ್ರಿಂಗ್ 2.56 ಪಟ್ಟು ಬಿಗಿಯಾಗಿರಬೇಕು. ಆಗ ಆವೃತ್ತಿ 1.6ರಿಂದ 2.5ಕ್ಕೂ ಮೇಲೇರಿ ಕಾರು ರೇಸ್ ಗಾಡಿಯಾಗುತ್ತದೆ. ಲೋವರಿಂಗ್ ಸ್ಪ್ರಿಂಗ್ ಅಷ್ಟು ಬಿಗಿಯಿರುವುದಿಲ್ಲ. ಅದು 30 ಪ್ರತಿಶತ ಹೆಚ್ಚು ಬಿಗಿ ಎಂದುಕೊಂಡರೂ 50 ಮಿ.ಮೀ.ನಲ್ಲಿ ಅದು ಹೀರುವುದು ಸುಮಾರು 32 ಜೂಲ್, ಮೊದಲಿನ ಅರ್ಧ. ಡ್ಯಾಂಪರ್ ಕಳೆಯುವ ಪಾಲನ್ನು ಬಿಟ್ಟರೆ, ಉಳಿದದ್ದು ಬಂಪ್ ಸ್ಟಾಪಿನ ಪಾಲು.

ಅಪಾಯ ಇರುವುದು ಇಲ್ಲಿಯೇ. ತಿರುವಿನಲ್ಲಿ ಹೊರಚಕ್ರದ ಸ್ಪ್ರಿಂಗ್ ಮೊದಲೇ ಕುಗ್ಗಿರುತ್ತದೆ. ಅಷ್ಟರಲ್ಲಿ ಒಂದು ಉಬ್ಬು ಎದುರಾದರೆ ಕಾರು ರಬ್ಬರಿನ ಮೇಲೆ ಕೂರುತ್ತದೆ, ಬಿಗಿತ ಒಮ್ಮೆಲೇ ಹಲವು ಪಟ್ಟು ಏರುತ್ತದೆ, ಆ ಚಕ್ರದ ಮೇಲಿನ ಭಾರ ಹಠಾತ್ತನೆ ಹೆಚ್ಚಿ ಹಿಡಿತ ಜಾರುತ್ತದೆ. ಎಂಎಕ್ಸ್-5ರ ಮೊದಲ ಪೀಳಿಗೆಯ ಕಾರುಗಳಲ್ಲಿ ಚಕ್ರದ ಆಟಕ್ಕೆ ಜಾಗ ಮೊದಲೇ ಕಡಿಮೆ. ಆದ್ದರಿಂದ ಇಳಿಸುವವರು ಹೆಚ್ಚು ಎಚ್ಚರವಹಿಸಬೇಕು.

ಡ್ಯಾಂಪರ್‌ನ ಲೆಕ್ಕವೂ ಇದೆ. ಬೇಕಾಗುವ ತಡೆ ಬಿಗಿತದ ವರ್ಗಮೂಲದಂತೆ ಹೆಚ್ಚುತ್ತದೆ. ಸ್ಪ್ರಿಂಗ್ 30 ಪ್ರತಿಶತ ಬಿಗಿಯಾದರೆ ಡ್ಯಾಂಪರ್ 14 ಪ್ರತಿಶತ ಹೆಚ್ಚು ತಡೆಯಬೇಕು. ಸುಸ್ಥಿತಿಯ ಡ್ಯಾಂಪರ್ ಇಷ್ಟನ್ನು ನಿಭಾಯಿಸೀತು. ಇಪ್ಪತ್ತು ವರ್ಷ ಓಡಿ ಎಣ್ಣೆ ಸೋರಿದ ಡ್ಯಾಂಪರ್‌ಗೆ ಮೂಲ ಸ್ಪ್ರಿಂಗನ್ನು ಹಿಡಿಯುವುದೇ ಕಷ್ಟ. ಮುದಿ ಎತ್ತಿನ ಜೊತೆಗೆ ಹೋರಿಯನ್ನು ಕಟ್ಟಿದಂತಾಗುತ್ತದೆ.

ಹಾಗಾದರೆ ಕಾಯ್ಲೋವರ್ ಉತ್ತಮವೆ? ಜೋಡಿ ಹೊಂದಿದ್ದರೆ ಹೌದು. ನಾಲ್ಕೂ ಮೂಲೆಗಳ ಎತ್ತರವನ್ನು ತಿದ್ದಿ ಚಕ್ರಗಳ ಮೇಲಿನ ಭಾರವನ್ನು ಸರಿದೂಗಿಸುವ ಅನುಕೂಲ ಅದರಲ್ಲಷ್ಟೇ ಇದೆ. ಆದರೆ ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಸಾಮಾನ್ಯ ಸುರುಳಿಯಲ್ಲಿ ಬದಲಾಗುವುದು ಎತ್ತರ ಮಾತ್ರ. ತಟ್ಟೆಯನ್ನಷ್ಟೇ ಕೆಳಗಿಳಿಸಿದರೆ ಚಕ್ರದ ಆಟದ ಜಾಗ ಇಲ್ಲಿಯೂ ಅಷ್ಟೇ ಕಳೆಯುತ್ತದೆ. ಡ್ಯಾಂಪರ್‌ನ ಕೆಳತುದಿಯನ್ನೂ ಸರಿಸಿ ಉದ್ದ ಬದಲಿಸುವಂಥದ್ದಾದರೆ ಡ್ಯಾಂಪರ್‌ನೊಳಗಿನ ಪಿಸ್ಟನ್ನಿನ ಓಟ ಉಳಿಯುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ದೇಶಗಳಲ್ಲಿ ಥ್ರೆಡ್ ತುಕ್ಕು ಹಿಡಿದು ಉಂಗುರ ಕದಲದಂತಾಗುವುದೂ ಉಂಟು.

ಹೇಗೆ ತೀರ್ಮಾನಿಸಬೇಕು?

ಮೊದಲು ಕಾರನ್ನು ಪರೀಕ್ಷಿಸಿ. ಡ್ಯಾಂಪರ್ ಸೋರುತ್ತಿದೆಯೆ, ಬುಷ್‌ಗಳು ಸವೆದಿವೆಯೆ, ಬಂಪ್ ಸ್ಟಾಪ್ ಪುಡಿಯಾಗಿದೆಯೆ ನೋಡಿ. ಬಳಿಕ ಡ್ಯಾಂಪರ್‌ನ ಹೊಳೆಯುವ ದಂಡಕ್ಕೆ, ಸಿಲಿಂಡರ್‌ಗೆ ತಾಗುವಂತೆ, ಒಂದು ಪ್ಲಾಸ್ಟಿಕ್ ಟ್ಯಾಗನ್ನು ಬಿಗಿದು ನಿಮ್ಮ ನಿತ್ಯದ ದಾರಿಯಲ್ಲಿ ಓಡಿಸಿ. ದಂಡ ಒಳಹೋದಾಗ ಟ್ಯಾಗ್ ಸರಿದು ಅಲ್ಲಿಯೇ ನಿಲ್ಲುತ್ತದೆ. ಬಂಪ್ ಸ್ಟಾಪಿಗೆ ಇನ್ನೆಷ್ಟು ದೂರ ಉಳಿದಿದೆ ಎಂದು ಅಳೆದರೆ, ಎಷ್ಟು ಇಳಿಸಬಹುದು ಎಂಬ ಪ್ರಶ್ನೆಗೆ ಕಾರೇ ಉತ್ತರ ಕೊಡುತ್ತದೆ.

ಹಣ ಕಡಿಮೆಯಿದ್ದರೆ ಅದನ್ನು ಮೊದಲು ಹೊಸ ಡ್ಯಾಂಪರ್‌ಗೆ ಹಾಕಿ. ಸ್ಪ್ರಿಂಗ್ ಮೂಲದ್ದೇ ಇರಲಿ. ಕಾರಿನ ನಡತೆ ಬಹುಪಾಲು ಇದರಲ್ಲೇ ತಿಳಿಯಾಗುತ್ತದೆ. ಸ್ವಲ್ಪ ತಗ್ಗಿಸಲೇಬೇಕೆಂದಿದ್ದರೆ 15ರಿಂದ 25 ಮಿ.ಮೀ. ಮಿತಿಯ ಸ್ಪ್ರಿಂಗನ್ನು ಅದಕ್ಕೆ ಹೊಂದುವ ಹೊಸ ಡ್ಯಾಂಪರ್ ಜೊತೆಗೆ ಹಾಕಿಸಿ. ರೇಸ್ ಟ್ರ್ಯಾಕಿನಲ್ಲಿ ಓಡಿಸಿ, ಅಳೆದು, ಮತ್ತೆ ಮತ್ತೆ ತಿದ್ದುವ ತಾಳ್ಮೆಯಿದ್ದರೆ ಒಳ್ಳೆಯ ಕಾಯ್ಲೋವರ್‌ಗೆ ಕೊಟ್ಟ ಹಣ ಸಾರ್ಥಕ. ಅಗ್ಗದ ಕಾಯ್ಲೋವರ್‌ಗಿಂತ ಹೊಸ ಡ್ಯಾಂಪರ್ ಜೊತೆಗಿನ ಮೂಲ ಸ್ಪ್ರಿಂಗೇ ಮೇಲು.

ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡುವ ಗೋಜಿಗೆ ಹೋಗಲೇಬೇಡಿ. ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಬಿಗಿತ ಹೆಚ್ಚುವುದು ಐದರಲ್ಲಿ ಒಂದು ಪಾಲು ಮಾತ್ರ. ಚಕ್ರ ಜೋತಾಗ ಸ್ಪ್ರಿಂಗ್ ತನ್ನ ತಟ್ಟೆಯಿಂದ ಕಳಚಬಹುದು. ಬಿಚ್ಚುವ ಕೆಲಸವನ್ನೂ ನುರಿತ ಮೆಕ್ಯಾನಿಕ್‌ಗೆ ಬಿಡಿ. ಮಿಲಿಮೀಟರಿಗೆ 30 ನ್ಯೂಟನ್ ಬಿಗಿತದ ಸ್ಪ್ರಿಂಗ್ 10 ಸೆಂ.ಮೀ. ಅದುಮಿದಾಗ 150 ಜೂಲ್ ಶಕ್ತಿ ಹಿಡಿದಿರುತ್ತದೆ. ಅದು ಒಂದು ಮೀಟರ್ ಎತ್ತರದಿಂದ 15 ಕಿ.ಗ್ರಾಂ. ಕಲ್ಲು ಬಿದ್ದದ್ದಕ್ಕೆ ಸಮ.

ನಮ್ಮ ದೇಶದ ಮಾತು ಬೇರೆ. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮು ವಾಹನದ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಾವಣೆ ಮಾಡುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಜೊತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಸೂಚಿಸಿದ ಮಾದರಿಯಲ್ಲೇ ರಸ್ತೆಯುಬ್ಬಿನ ಎತ್ತರ 10 ಸೆಂ.ಮೀ. ಅದನ್ನು ಮೀರಿದ ಉಬ್ಬುಗಳನ್ನು ನೀವು ದಿನವೂ ದಾಟುತ್ತೀರಿ. ಇಲ್ಲಿ ಕಾರನ್ನು ಇಳಿಸುವ ಯೋಚನೆ ಮಾಡುವವರು ಮೊದಲು ಕಾಯಿದೆಯನ್ನು, ಆಮೇಲೆ ಆ ಉಬ್ಬುಗಳನ್ನು ನೆನೆಯುವುದು ಒಳಿತು.

ಹೊರದೇಶದಲ್ಲಿರುವ ನಿಮ್ಮ ಮಗಳೋ ತಮ್ಮನೋ ಇಂಥ ಕಾರೊಂದನ್ನು ಕೊಂಡು ನಿಮ್ಮ ಸಲಹೆ ಕೇಳಿದರೆ ಒಂದು ಮಾತು ಹೇಳಿ: ಎಷ್ಟು ತಗ್ಗಿದೆ ಎಂದು ನೋಡಬೇಡ, ಚಕ್ರಕ್ಕೆ ಮೇಲೇರಲು ಎಷ್ಟು ಜಾಗ ಉಳಿದಿದೆ, ಅದನ್ನು ಹಿಡಿಯುವ ಡ್ಯಾಂಪರ್ ಹೇಗಿದೆ ಎಂದು ನೋಡು. ಲಾನ್ಸಿಯಾನಿಂದ ಚಾಪ್‌ಮನ್‌ವರೆಗೆ ಒಳ್ಳೆಯ ಕಾರು ಕಟ್ಟಿದವರೆಲ್ಲ ನೋಡಿದ್ದು ಅದನ್ನೇ.